ಡಿಸ್ಕೊಂದು ಮೂರು ಬಾಗಿಲು

ಮನೆಗೊಂದೇ ಕಂಪ್ಯೂಟರ್ ಇದ್ದ ಆ ಕಾಲವೇ ಚೆಂದ. ಹಳೆಯ ಪರದೆ ಕತ್ತರಿಸಿ ಹೊಲಿದ ಮುಸುಕು ಹೊದ್ದು, ಅದು ನಡುಮನೆಯ ಮೂಲೆಯಲ್ಲಿ ಗಂಭೀರವಾಗಿ ಕೂತಿರುತ್ತಿತ್ತು. ಗುಂಡಿ ಒತ್ತಿದರೆ ಗುರ್ ಎಂದು ಎಚ್ಚರಾಗುವಷ್ಟರಲ್ಲಿ ಒಂದು ಲೋಟ ಕಾಫಿ ಕುಡಿದು, ಲೋಟ ತೊಳೆದೂ ಇಡಬಹುದಿತ್ತು. ಯಜಮಾನರು ಅದರಲ್ಲಿ ಮದುವೆಯ ಕಾರ್ಡುಗಳನ್ನು ಟೈಪು ಮಾಡಿ, ಫ್ಲಾಪಿಗೆ ತುಂಬಿ, ಪ್ರೆಸ್ಸಿಗೆ ಒಯ್ಯುತ್ತಿದ್ದರು. ಮನೆ ನಡೆಯುತ್ತಿದ್ದದ್ದೇ ಅದರಿಂದ. ‘ನನ್ನ ಕಾರ್ಡಿನಲ್ಲಿ ಒಂದು ಕಾಗುಣಿತದ ತಪ್ಪು ತೋರಿಸಿದರೆ ಮೀಸೆ ಬೋಳಿಸುತ್ತೇನೆ’ ಎಂಬುದು ಅವರ ಘೋಷವಾಕ್ಯ. (ಬೋಳಿಸುವಷ್ಟು ಮೀಸೆ ಇರಲಿಲ್ಲ, ಆ ಮಾತು ಬೇರೆ.)

ಪೆಟ್ಟಿಗೆಯೊಳಗೆ ಇದ್ದದ್ದು ಒಂದೇ ಡ್ರೈವು. ಅವರ ಕಾರ್ಡುಗಳು, ಹೆಂಡತಿ ತನ್ನ ಅಕ್ಕನಿಗೆ ಬರೆಯುವ ಕಾಗದಗಳು, ಮಗಳು ಬಿಡಿಸಿದ ಮೂರು ಕಾಲಿನ ಬೆಕ್ಕುಗಳು, ಎಲ್ಲವೂ ಅದರಲ್ಲೇ ಕೂಡು ಕುಟುಂಬದ ಹಾಗೆ ಒತ್ತಿಕೊಂಡು ಬಾಳುತ್ತಿದ್ದವು. ಒಂದು ದಿನ ಗಿರಾಕಿಯೊಬ್ಬರಿಗೆ ‘ಇಗೋ, ನಿಮ್ಮ ಕಾರ್ಡು’ ಎಂದು ಠೀವಿಯಿಂದ ತೆರೆದರೆ, ‘ಅಕ್ಕಾ, ಇವರ ಗೊರಕೆ ಈಚೆಗೆ ಎರಡು ಸ್ವರಗಳಲ್ಲಿ ಹೊರಡುತ್ತಿದೆ’ ಎಂದು ಬಂತು. ಗಿರಾಕಿ ಕಾಗದವನ್ನು ಪೂರ್ತಿ ಓದಿ, ಅಕ್ಕ ಏನೆಂದರು ಎಂದು ಬೇರೆ ವಿಚಾರಿಸಿದರು.

ಅಂದೇ ಯಜಮಾನರು ಘೋಷಿಸಿದರು: ಡಿಸ್ಕು ಸಿ, ಡಿ, ಇ ಎಂದು ಮೂರು ಪಾಲಾಗಬೇಕು. ಸಿ ಹೆಂಡತಿಗೆ, ಇ ಮಗಳಿಗೆ, ನಡುವಿನ ವಿಶಾಲವಾದ ಡಿ ತಮಗೆ, ಅದಕ್ಕೊಂದು ಪಾಸ್‌ವರ್ಡು ಎಂಬ ಬೀಗದ ಪದವೂ ಇರಬೇಕು.

ಸದಾ ‘ಏನಾದ್ರೂ ಮಾಡ್ಕೊಳ್ಳಿ’ ಎನ್ನುತ್ತಿದ್ದ ಹೆಂಡತಿ ಈ ಸಲ ಪಟ್ಟು ಹಿಡಿದಳು. ಒಟ್ಟಿಗಿದ್ದದ್ದನ್ನು ಯಾಕೆ ಒಡೆಯಬೇಕು, ಕಾಗದವನ್ನು ಬೇಕಾದರೆ ಕೈಯಲ್ಲೇ ಬರೆಯುತ್ತೇನೆ ಎಂದಳು.

“ಮನೆಯೊಂದು ಮೂರು ಬಾಗಿಲು ಮಾಡ್ಬೇಡಿ ರೀ. ಆಮೇಲೆ ನೀವೇ ಪಶ್ಚಾತ್ತಾಪ ಪಡ್ತೀರಿ.”

“ಸಿ ಸಣ್ಣದಾಯ್ತು ಅಂತ ತಾನೆ? ಪಾಲಿಗೆ ಬಂದದ್ದು ಪಂಚಾಮೃತ ಅಂದ್ಕೊ.”

ಕಂಪ್ಯೂಟರ್ ರಿಪೇರಿಯವನನ್ನು ಮನೆಯಲ್ಲಿ ಎಲ್ಲರೂ ಸ್ಕ್ರೂ ಮಾಮ ಎನ್ನುತ್ತಿದ್ದರು. (ಪ್ರತಿ ರಿಪೇರಿಯ ಕೊನೆಗೂ ಅವನ ಕೈಯಲ್ಲಿ ಒಂದು ಸ್ಕ್ರೂ ಮಿಕ್ಕಿರುತ್ತಿತ್ತು.) ಅವನು ಬಂದ, ಹಿರಿಯ ಪಂಚನ ಗತ್ತಿನಲ್ಲಿ ಗಡಿ ಹಾಕಿದ, ಹೋದ. ಯಜಮಾನರು ಬೀಗದ ಪದವನ್ನು ಬೆನ್ನು ಅಡ್ಡ ಮಾಡಿಕೊಂಡು ಒತ್ತಿದರು. ಮನೆಯಲ್ಲಿ ಶಾಂತಿ ನೆಲೆಸಿತು. ಒಬ್ಬರ ಬೆಕ್ಕು ಇನ್ನೊಬ್ಬರ ಮದುವೆಗೆ ಅಡ್ಡ ಬರಲಿಲ್ಲ. ನಿಜ ಹೇಳಬೇಕೆಂದರೆ ಯಜಮಾನರಿಗೆ ಬೆಕ್ಕುಗಳಿಲ್ಲದೆ ಸ್ವಲ್ಪ ಬೇಸರವೇ ಆಯಿತು. ಆದರೆ ಬಾಯಿಬಿಟ್ಟು ಹೇಳುವುದು ಹೇಗೆ?

ಪಾಲಾದ ಮೇಲಿನ ಮೊದಲ ಕಾರ್ಡು ಅಚ್ಚಾಗಿ, ಹಂಚಿಯೂ ಆಯಿತು. ಮರುದಿನ ಬೆಳಿಗ್ಗೆ ಮದುವೆ ಹುಡುಗಿಯ ತಂದೆ ಬಂದು, ಕೂರಲೂ ಒಲ್ಲದೆ, ಕಾರ್ಡನ್ನು ಯಜಮಾನರ ಮೂಗಿಗೆ ಹಿಡಿದರು.

“ಇಲ್ಲಿ ಏನು ಬರೆದಿದ್ದೀರಿ, ಓದಿ ಸ್ವಾಮಿ.”

ಯಜಮಾನರು ಓದಿದರು. ‘ತಾವೆಲ್ಲರೂ ಸಕುಟುಂಬ ಸಮೇತರಾಗಿ ಆಗಮಿಸಿ ವಧೂವರರನ್ನು ಆಶೀರ್ವಧಿಸಬೇಕಾಗಿ ವಿನಂತಿ.’

“ಸರಿಯಾಗೇ ಇದೆಯಲ್ಲ?”

“ದ ಹೊಟ್ಟೆ ಸೀಳಿ ಧ ಮಾಡಿದ್ದೀರಲ್ರೀ. ವಧಿಸಿ ಅಂತ ಊರಿಗೆಲ್ಲ ಹಂಚಿದ್ದೀನಿ. ವಧಿಸೋದು ಊಟಕ್ಕೆ ಮುಂಚೆನಾ ಆಮೇಲಾ ಅಂತ ಬೀಗರು ಕೇಳಿ ಕಳಿಸಿದ್ದಾರೆ.”

ಯಜಮಾನರಿಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಎಲ್ಲ ಕಾರ್ಡನ್ನೂ ಮತ್ತೆ ಅಚ್ಚು ಹಾಕಿಸಿಕೊಡುವ ಮಾತಿನ ಮೇಲೆ ಆತನನ್ನು ಕಳಿಸಿ, ಇಷ್ಟು ವರ್ಷ ಬಾರದ ತಪ್ಪು ಈಗೆಲ್ಲಿಂದ ವಕ್ಕರಿಸಿತು, ಸ್ಕ್ರೂ ಮಾಮನೇ ಏನೋ ಸಡಿಲ ಮಾಡಿದ್ದಾನೆ ಎಂದು ಕೂಗಾಡಿದರು.

ಹೆಂಡತಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

“ಆಶೀರ್ವಧಿಸಿ ಅಂತ ನೀವು ಬರೀತಾ ಇರೋದು ನಮ್ಮ ಮದುವೆಯಾದಾಗಿನಿಂದ. ಮಧ್ಯಾಹ್ನ ನೀವು ಆ ಎರಡು ಸ್ವರ ಹಾಡೋವಾಗ ನಾನು ತಿದ್ದಿ ಇಡ್ತಿದ್ದೆ. ಈಗ ನಿಮ್ಮ ಪಾಲಿಗೆ ಬೀಗ, ನಾನೇನು ಮಾಡ್ಲಿ?”

“ಒಂದು ದಿನವಾದ್ರೂ ಹೇಳಬಾರದಿತ್ತೇ?”

“ಹೇಳಿದ್ರೆ ನೀವು ಅಷ್ಟು ಜಂಬದಿಂದ ಹೇಗೆ ಓಡಾಡ್ತಿದ್ರಿ? ನೋಡೋಕೆ ಚೆನ್ನಾಗಿತ್ತು.”

ಯಜಮಾನರಿಗೆ ನಾಚಿಕೆಯ ಬೆನ್ನಿಗೇ ಏನೋ ಒಂದು ಸುಖವೂ ಆಯಿತು. ಅವರು ಕುರ್ಚಿ ಎಳೆದು ಅವಳನ್ನು ಕೂರಿಸಿ, ಡಿ ಡ್ರೈವಿನ ಮುಂದೆ ಶರಣಾದರು. ಬೀಗದ ಪದ ಏನೆಂದು ಅವಳು ಕೇಳಿದಳು.

“ಅಧಿಕಾರ” ಎಂದರು, ತಗ್ಗಿದ ದನಿಯಲ್ಲಿ.

ಅವಳು ಒಂದೊಂದೇ ಅಕ್ಷರ ನೋಡಿ ಒತ್ತಿದಳು. ತೆರೆಯಲಿಲ್ಲ. ಮತ್ತೆ ಒತ್ತಿದಳು. ಊಹೂಂ. ಕ್ಷಣ ಹೊತ್ತು ಗಂಡನ ಮುಖವನ್ನೇ ನೋಡಿದಳು. ಆಮೇಲೆ ಧ ತೆಗೆದು, ಬರೀ ದ ಹಾಕಿದಳು.

ಡಿ ತೆರೆದುಕೊಂಡಿತು.