ಸುಳ್ಳು ಕೆನೆ, ಕಟ್ಟಿಸಿದ ಹಲ್ಲು

ಟಿವಿ ರಿಮೋಟಿಗೆ ಕೆನೆ ಹತ್ತಿದ ದಿನವೇ ಬೊಮ್ಮಪ್ಪನಿಗೆ ಈ ಮನೆಯಲ್ಲಿ ತನ್ನ ಮಾತು ನಡೆಯುವುದಿಲ್ಲ ಎಂಬುದು ಖಾತ್ರಿಯಾಯಿತು. ಒಂದರಿಂದ ನಾಲ್ಕರವರೆಗಿನ ಗುಂಡಿಗಳು ಕೆನೆಯಡಿ ಸಮಾಧಿಯಾಗಿದ್ದವು. ಐದರ ಮೇಲೆ ಪ್ಲಾಸ್ಟಿಕ್ ಕರಡಿಯೊಂದು ಕೂತಿತ್ತು. ಸದ್ದು ಹೆಚ್ಚಿಸಬೇಕಾದರೆ ಸ್ಟ್ರಾಬೆರಿಯನ್ನು ಅಮುಕಬೇಕು. ಕಡಿಮೆ ಮಾಡುವ ಗುಂಡಿಗೆ ದಾರಿಯೇ ಇರಲಿಲ್ಲ. (ಈ ಮನೆಯ ಸದ್ದಿಗೆ ಮದುವೆಯಾದ ದಿನದಿಂದಲೂ ಆ ಗುಂಡಿ ಇಲ್ಲ ಎನ್ನುವುದು ಬೊಮ್ಮಪ್ಪನ ಗುಟ್ಟಿನ ಅಭಿಪ್ರಾಯ.)

ಕೆನೆ ಎಂದರೆ ತಿನ್ನುವ ಕೆನೆಯಲ್ಲ. ಕಿಟಕಿ ಗಾಜಿನ ಸಂದಿಗೆ ತುಂಬುವ ಬಿಳಿ ಅಂಟು, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಹೆಂಡತಿ ಶಿವಲಕ್ಷ್ಮಿ ಅದನ್ನು ತೊಳೆದ ಹಾಲಿನ ಪಾಕೀಟಿಗೆ ತುಂಬಿ, ಮೂಲೆ ಕತ್ತರಿಸಿ, ಮೆಹೆಂದಿ ಕೋನಿನಂತೆ ಹಿಂಡಿ, ಕೇಕಿನ ಮೇಲಿನ ಹೂವಿನ ಹಾಗೆ ಸುರುಳಿ ಬಿಡುತ್ತಿದ್ದಳು. ಅದರ ಮೇಲೆ ಕರಡಿ, ಚಿಟ್ಟೆ, ಹಣ್ಣು, ಮುತ್ತು. ಈ ವಿದ್ಯೆಯನ್ನು ಮೊಬೈಲು ಕಲಿಸಿತ್ತು. ಮೊದಲು ಮೊಬೈಲಿನ ಕವರಿಗೇ ಗುರುದಕ್ಷಿಣೆ ಸಂದಿತು. ಆಮೇಲೆ ಬಾಚಣಿಗೆ, ಕನ್ನಡಿ, ಗ್ಯಾಸ್ ಲೈಟರು, ಕೊನೆಗೆ ಬೊಮ್ಮಪ್ಪನ ಕನ್ನಡಕದ ಡಬ್ಬಿ. ಅವನು ಕೆಲಸ ಮಾಡುವ ಜೀನ್ಸ್ ಯೂನಿಟ್ಟಿನಲ್ಲಿ, ಕಟಿಂಗ್ ಟೇಬಲ್ಲಿನ ಮುಂದೆ ಇಪ್ಪತ್ತು ಜನರ ಎದುರಿಗೆ ಅವನು ಆ ಡಬ್ಬಿ ತೆಗೆದ ದಿನ ಇಡೀ ಯೂನಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಅವತ್ತು ರಾತ್ರಿ ಊಟಕ್ಕೆ ಕೂತಾಗ ಅವನು ಕೇಳಿಯೇ ಬಿಟ್ಟ, ಇದರಿಂದ ಯಾರಿಗೇನು ಉಪಯೋಗ ಅಂತ.

ಶಿವಲಕ್ಷ್ಮಿ ಮುದ್ದೆ ಮುರಿಯುವುದನ್ನು ನಿಲ್ಲಿಸಿದಳು. "ಎಂಟು ವರ್ಷ ಬೆಂಗ್ಳೂರಾಗ ಮಂದಿ ಅಂಗಿಗೆ ಗುಂಡಿ ಹಚ್ಚೀನ್ರಿ. ಲಕ್ಷ ಅಂಗಿ ಆಗಿರಬೇಕು. ಒಂದರ ಮ್ಯಾಲರ ನನ್ನ ಹೆಸರಿತ್ತೇನು? ಇದು ನಂದು. ಉಪಯೋಗ ಇಲ್ಲದಿದ್ರ ಇರವಲ್ಲದ್ಯಾಕ."

ಅದು ಬೊಮ್ಮಪ್ಪನಿಗೂ ಗೊತ್ತಿದ್ದದ್ದೇ. ಪೀಣ್ಯದ ಗಾರ್ಮೆಂಟಿನಲ್ಲಿ ಇಬ್ಬರೂ ಒಟ್ಟಿಗೇ ಸವೆದವರು. ರಾಯದುರ್ಗದಲ್ಲಿ ಜೀನ್ಸ್ ಕೆಲಸ ಕೈತುಂಬ ಸಿಗುತ್ತದೆಂದು ಊರಿಗೆ ಮರಳಿದ ಮೇಲೆ ಅವನು ಪಾಲಯ್ಯ ಸಾವ್ಕಾರರ ಯೂನಿಟ್ಟಿನಲ್ಲಿ ಕಟಿಂಗ್ ಮಾಸ್ತರನಾದ. ಅವಳು ಮನೆಯಲ್ಲೇ ಕೂತು ಪ್ಯಾಂಟಿನ ದಾರ ಕತ್ತರಿಸುವವಳಾದಳು. ಉತ್ತರವಿಲ್ಲದ ಗಂಡಸರು ಮಾಡುವುದನ್ನೇ ಅವನೂ ಮಾಡಿದ. ಸಾರಿಗೆ ಉಪ್ಪು ಕಡಿಮೆ ಎಂದ.

ಅವನ ಮನಸ್ಸೆಲ್ಲ ಬೇರೆ ಕಡೆ ಇತ್ತು. ಸಾವ್ಕಾರರು ಆ ವರ್ಷ ಚಿಕ್ಕ ಹುಡುಗಿಯರ ಜೀನ್ಸ್ ಶುರುಮಾಡಿದ್ದರು, ಜೇಬಿನ ಮೇಲೆ ಚಿಟ್ಟೆ, ಮುತ್ತು ಅಂಟಿಸಿದ್ದು. ಹೊಲಿದು ಒಗೆಯಲು ಕಳಿಸಿದ ಪ್ಯಾಂಟು ವಾಪಸು ಬಂದರೆ ಚಿಟ್ಟೆ ಬರುತ್ತಿರಲಿಲ್ಲ. ಆ ಸೆಕ್ಷನ್ನಿಗೆ ಬಂದ ಮೂವರು ಮೇಸ್ತ್ರಿಗಳು ಚಿಟ್ಟೆಗಳ ಹಿಂದೆಯೇ ಹಾರಿಹೋಗಿದ್ದರು. ಆ ಕುರ್ಚಿ ಈಗ ಖಾಲಿ. ಹದಿನೆಂಟು ವರ್ಷ ನಿಂತೇ ಬಟ್ಟೆ ಕತ್ತರಿಸಿದ ಬೊಮ್ಮಪ್ಪನಿಗೆ ಬದುಕಿನಲ್ಲಿ ಒಮ್ಮೆ ಕುರ್ಚಿಯ ಮೇಲೆ ಕೂತು ಕೆಲಸ ಹೇಳಬೇಕು ಎನ್ನುವ ಆಸೆ. ಆಸೆ ಎಷ್ಟು ಬಲಿತಿತ್ತೆಂದರೆ, ಪಾತ್ರೆ ಅಂಗಡಿಗೆ ಹೋಗಿ ಹೊಸ ಸ್ಟೀಲ್ ಟಿಫಿನ್ ಕ್ಯಾರಿಯರ್ ತಂದು, ಮುಚ್ಚಳದ ಮೇಲೆ ಎರಡು ಸಾಲಿನಲ್ಲಿ ಹೆಸರು ಕೊರೆಸಿಬಿಟ್ಟಿದ್ದ: ಮೇಲೆ 'ಬೊಮ್ಮಪ್ಪ', ಕೆಳಗೆ 'ಮೇಸ್ತ್ರಿ'. ಕೂಸು ಹುಟ್ಟುವ ಮುಂಚೆ ಕುಲಾವಿ ಎಂದು ಯಾರೂ ಆಡಿಕೊಳ್ಳದಿರಲೆಂದು ಅದನ್ನು ಜೋಳದ ಚೀಲದ ಹಿಂದೆ ಅಡಗಿಸಿಟ್ಟಿದ್ದ. ಗಂಡ ಅಡಗಿಸಿಟ್ಟದ್ದು ಹೆಂಡತಿಗೆ ಗೊತ್ತಾಗದಿರುವ ಮನೆ ರಾಯದುರ್ಗದಲ್ಲಂತೂ ಇಲ್ಲ. ಶಿವಲಕ್ಷ್ಮಿ ಅದನ್ನು ನೋಡಿ, ಮತ್ತೆ ಚೀಲದ ಹಿಂದಕ್ಕೇ ಸರಿಸಿದ್ದಳು.

ಭಾನುವಾರ ಸಾವ್ಕಾರರನ್ನು ಹೋಳಿಗೆ ಊಟಕ್ಕೆ ಕರೆದದ್ದಾಯಿತು. ಬೊಮ್ಮಪ್ಪನ ಲೆಕ್ಕಾಚಾರ ಹಿರಿಯರ ಕಾಲದ್ದು: ಹಸಿದವನ ಹತ್ತಿರ ಏನೂ ಕೇಳಬಾರದು, ಉಂಡವನಿಗೆ ಎಲೆ ಅಡಿಕೆ ಮಡಿಚಿ ಕೊಟ್ಟು ಕೇಳಬೇಕು. ಒಂದು ಮನೆಯ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡ ಮೇಲೆ ಇಲ್ಲವೆನ್ನುವುದು ಪಾಲಯ್ಯನವರ ವಂಶದಲ್ಲೇ ಇರಲಿಲ್ಲ. ಬೆಳಿಗ್ಗೆಯೇ ಅವನು ಆಜ್ಞೆ ಹೊರಡಿಸಿದ: ಸಾವ್ಕಾರರ ಕಣ್ಣಿಗೆ ಕೆನೆ ಹತ್ತಿದ ಒಂದು ಸಾಮಾನೂ ಬೀಳಕೂಡದು. ಶಿವಲಕ್ಷ್ಮಿ ಕೆನೆ ಹತ್ತಿದ್ದನ್ನೆಲ್ಲ ಗೋಣಿಚೀಲಕ್ಕೆ ತುಂಬಿ ಅಟ್ಟಕ್ಕೆ ಏರಿಸಿದಳು. ಕನ್ನಡಕದ ಡಬ್ಬಿಯೂ ಹೋಯಿತು, ಒಳಗೆ ಕನ್ನಡಕವೂ ಇತ್ತು.

ಉಳಿದದ್ದು ಎಲೆ ಅಡಿಕೆ ತಟ್ಟೆ ಒಂದೇ. ಅದಕ್ಕೆ ಅವಳು ಅವತ್ತು ಬೆಳಿಗ್ಗೆಯಷ್ಟೇ ಅಂಚಿಗೆ ಒಂದು ಬಿಳಿ ಹೂವು ಬಿಟ್ಟಿದ್ದಳು. ಮುತ್ತು ಇನ್ನೂ ಕೂರಿಸಿರಲಿಲ್ಲ. ಬಂದವರಿಗೆ ತಟ್ಟೆಯಾದರೂ ಚೆಂದ ಕಾಣಲಿ ಎನ್ನುವುದು ಅವಳ ಆಸೆ. ಇಷ್ಟು ಚಿಕ್ಕ ಹೂವು ಆಜ್ಞೆಯೊಳಗೆ ಬರುವುದಿಲ್ಲ ಎನ್ನುವುದು ಅವಳೇ ಕೊಟ್ಟುಕೊಂಡ ತೀರ್ಪು.

ಸಾವ್ಕಾರರು ಬಂದರು, ನಾಲ್ಕು ಹೋಳಿಗೆ ಉಂಡರು, ಗೋಡೆಗೆ ಒರಗಿ ನಶ್ಯ ಏರಿಸಿದರು. (ನಲವತ್ತು ವರ್ಷದ ನಶ್ಯದಿಂದ ಅವರ ಮೂಗು ವಾಸನೆ ಹಿಡಿಯುವ ಕೆಲಸಕ್ಕೆ ಎಂದೋ ರಾಜೀನಾಮೆ ಕೊಟ್ಟಿತ್ತು.) ಬೊಮ್ಮಪ್ಪ ತಟ್ಟೆ ಎಳೆದುಕೊಂಡು ಎಲೆಯ ತೊಟ್ಟು ಮುರಿದ, ತುದಿ ಚಿವುಟಿದ, ಬೆನ್ನಿನ ನಾರು ತೆಗೆದ. ಕನ್ನಡಕವಿಲ್ಲದ ಕಣ್ಣಿಗೆ ಅಂಚಿನಲ್ಲಿ ಬೆಳ್ಳಗೆ ಕಂಡದ್ದೇ ಸುಣ್ಣ. ಭಕ್ತಿಯಿಂದ ಬೆರಳಲ್ಲಿ ಬಳಿದು ಎಲೆಗೆ ಸವರಿದ. ದೊಡ್ಡವರಿಗೆ ಕೊಡುವ ಎರಡು ಎಲೆಗೆ ಅಷ್ಟು ಸಾಲದೆಂದು ಇನ್ನಷ್ಟು ಸವರಿದ. ಅಡಿಕೆಯಿಟ್ಟು ಮಡಿಚಿ ಎರಡೂ ಕೈಯಲ್ಲಿ ಕೊಟ್ಟ.

ಸಾವ್ಕಾರರು ಬಾಯಿಗೆ ಹಾಕಿಕೊಂಡು ಎರಡು ಸಲ ಅಗಿದರು. ಮೂರನೆಯ ಸಲಕ್ಕೆ ದವಡೆ ನಿಂತಿತು. ಅವರ ಹಲ್ಲು ಬಳ್ಳಾರಿಯಲ್ಲಿ ಕಟ್ಟಿಸಿದ್ದು, ಮೇಲೊಂದು ಸೆಟ್ಟು, ಕೆಳಗೊಂದು ಸೆಟ್ಟು. ಈಗ ಎರಡೂ ಒಂದಾದವು.

ಸಾವ್ಕಾರರು ಯೋಚನೆಯಲ್ಲಿದ್ದಾರೆಂದು ಬೊಮ್ಮಪ್ಪ ಹಿಗ್ಗಿದ. ಇದೇ ಸಮಯವೆಂದು ತನ್ನ ಹದಿನೆಂಟು ವರ್ಷದ ಕಸುಬು, ನಿಯತ್ತು, ಒಂದು ಇಂಚು ಬಟ್ಟೆಯೂ ದಂಡವಾಗದಂತೆ ಕತ್ತರಿಸುವ ಕೈ, ಎಲ್ಲವನ್ನೂ ಹರಿಕಥೆಯಂತೆ ಬಿಡಿಸಿ ಹೇಳಿದ. ಸಾವ್ಕಾರರು "ಉಂ" ಎಂದರು. ಮೇಸ್ತ್ರಿ ಕುರ್ಚಿಯ ಮಾತೆತ್ತಿದ. "ಉಂ! ಉಂ!" ಎಂದು ತಲೆ ಜೋರಾಗಿ ಆಡಿಸಿದರು. ಅವರ ಕಣ್ಣಲ್ಲಿ ನೀರು ಬಂತು. ತನ್ನ ಕಷ್ಟಕ್ಕೆ ಕಣ್ಣೀರು ಹಾಕುವ ಯಜಮಾನರು ಸಿಕ್ಕರಲ್ಲ ಎಂದು ಬೊಮ್ಮಪ್ಪ ಅವರ ಕೈ ಹಿಡಿದುಕೊಂಡ. ಅವರು ಆ ಕೈ ಬಿಡಿಸಿಕೊಂಡು ಬಾಯಿ ತೋರಿಸಿದರು.

ಅಷ್ಟರಲ್ಲಿ ನೀರಿನ ಚೊಂಬು ತಂದ ಶಿವಲಕ್ಷ್ಮಿಯ ಕಣ್ಣು ತಟ್ಟೆಯ ಮೇಲೆ ಬಿತ್ತು.

"ರೀ, ಇಲ್ಲಿದ್ದ ಹೂವು ಎಲ್ಲಿ ಹೋತು?"

"ಯಾವ ಹೂವು? ಸುಣ್ಣ ಇತ್ತು."

ಅವಳು ಒಮ್ಮೆ ಗಂಡನನ್ನು, ಒಮ್ಮೆ ಸಾವ್ಕಾರರ ದವಡೆಯನ್ನು ನೋಡಿ ಚೊಂಬು ಕೆಳಗಿಟ್ಟಳು. ಬೊಮ್ಮಪ್ಪ ತನ್ನ ಬೆರಳು ಮೂಸಿ ನೋಡಿ ಹೌಹಾರಿದ. ಅವಳು ಮಾತ್ರ ಹೆದರಲಿಲ್ಲ. ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ, ತಂದೆಗೆ ಮಾಡುವಂತೆ ಸಾವ್ಕಾರರ ತಲೆ ಹಿಂದಕ್ಕೆ ಒರಗಿಸಿ, ತುಟಿಯ ಸಂದಿಯಲ್ಲಿ ಬೆರಳಾಡಿಸುತ್ತಾ ನಯವಾಗಿ ಬಿಡಿಸಿದಳು. ಎರಡೂ ಸೆಟ್ಟು ಒಂದನ್ನೊಂದು ಕಚ್ಚಿಕೊಂಡೇ ಸ್ಟೀಲ್ ಬಟ್ಟಲಿಗೆ ಬಿದ್ದವು. ನಡುವೆ ಹಸಿರು ಎಲೆ ಇಣುಕುತ್ತಿತ್ತು. ಎಲೆಯ ಚೂರೂ ಹೊಟ್ಟೆಗೆ ಹೋಗಿರಲಿಲ್ಲ.

ಬೊಮ್ಮಪ್ಪ ಕಾಲಿಗೆ ಬೀಳಲು ಸಿದ್ಧನಾದ. ಸಾವ್ಕಾರರು ಅವನತ್ತ ನೋಡಲೂ ಇಲ್ಲ. ಬಟ್ಟಲೆತ್ತಿ ಹಲ್ಲನ್ನು ಎಳೆದರು, ತಿರುಚಿದರು, ಚೊಂಬಿನ ನೀರು ಸುರಿದು ಉಜ್ಜಿದರು. ಹಲ್ಲು ಬಿಡಲಿಲ್ಲ. ಅವರ ಬೊಚ್ಚು ಬಾಯಿ ಅಗಲವಾಯಿತು.

"ಯಮ್ಮಾ, ಇದು ನೀರಾಗ ಬಿಡಂಗಿಲ್ಲೇನು?"

"ಬಿಡಂಗಿಲ್ರಿ. ಇನ್ನಾ ಹಸಿ ಐತಂತ ಬಾಯಿಂದರ ಬಂತು. ಒಂದಿನ ಒಣಗಿದ್ರ ಬಂಡಿಗಲ್ಲಿಗೆ ಹಾಕಿ ಒಗದ್ರೂ ಬಿಡಂಗಿಲ್ರಿ."

ಒಣಗಿದ ಸಾಮಾನು ಅಟ್ಟದ ಮೇಲಿದೆ ಎಂದು ಅವಳು ಹೇಳಿದ್ದೇ ತಡ, ಅವರು ಆ ಚೀಲ ಕೆಳಗಿಳಿಸಲು ಹೇಳಿದರು. ಬಾಚಣಿಗೆಯ ಮೇಲಿನ ಚಿಟ್ಟೆಯನ್ನು ಎಳೆದು ನೋಡಿದರು. ಕರಡಿಯ ಕಿವಿ ಹಿಡಿದು ರಿಮೋಟನ್ನೇ ಎತ್ತಿದರು. ಆಮೇಲೆ ಎದ್ದು ಧೋತರ ಕೊಡವಿ ಹೇಳಿದರು:

"ಈ ಮನಿ ಎಲಿ ಅಡಿಕಿ ಬಾಯಿಗೆ ಬಿದ್ದೈತಿ, ಇಲ್ಲ ಅನ್ನಂಗಿಲ್ಲ. ಮೇಸ್ತ್ರಿಕಿ ಈ ಮನಿಗೇ ಕೊಟ್ಟೆ. ಯಮ್ಮಾ, ನಾಳಿ ಒಂಬತ್ತಕ್ಕ ಬಂದುಬಿಡು, ಜೇಬಿನ ಚಿಟ್ಟಿ ಇನ್ನ ನೀನ ಹಚ್ಚಿಸು. ಬೊಮ್ಮಪ್ಪ, ಜೇಬಿನ ಬಟ್ಟಿ ನೀನು ಆಕಿ ಹೇಳಿದಂಗ ಕತ್ತರಿಸಿ ಕೊಡು."

ಬೊಮ್ಮಪ್ಪ ಚೀಲದಿಂದ ತನ್ನ ಕನ್ನಡಕದ ಡಬ್ಬಿ ಹುಡುಕಿ ತೆಗೆದ. ಕನ್ನಡಕ ಹಾಕಿಕೊಂಡು ಎಲೆ ಅಡಿಕೆ ತಟ್ಟೆಯ ಅಂಚನ್ನು ನೋಡಿದ.

ಮರುದಿನ ಎಂಟೂವರೆಗೆ ಶಿವಲಕ್ಷ್ಮಿ ಜಡೆ ಹಾಕಿಕೊಂಡು ಹೊರಟಳು. ಕೈಯಲ್ಲಿ ಹೊಸ ಟಿಫಿನ್ ಕ್ಯಾರಿಯರ್ ಇತ್ತು. ಕೊರೆಸಿದ ಸ್ಟೀಲನ್ನು ವ್ಯರ್ಥ ಮಾಡುವ ಹೆಂಗಸಲ್ಲ ಅವಳು. ಮುಚ್ಚಳದ ಮೊದಲ ಸಾಲಿನ ಉದ್ದಕ್ಕೂ ಕೆನೆ ಬಿಟ್ಟು, ನಟ್ಟನಡುವೆ ಒಂದು ಸ್ಟ್ರಾಬೆರಿ ಕೂರಿಸಿದ್ದಳು. ಕೆಳಗಿನ ಸಾಲು ಮಾತ್ರ ಫಳಫಳ ಹೊಳೆಯುತ್ತಿತ್ತು: 'ಮೇಸ್ತ್ರಿ'.

ಬೊಮ್ಮಪ್ಪ ಹಿಂದಿನಿಂದ ಆ ಕೆನೆಯನ್ನು ಉಗುರಿನಲ್ಲಿ ಒಮ್ಮೆ ಕೆರೆದು ನೋಡಿದ. ಒಣಗಿತ್ತು.