ನಾಲ್ಕನೆಯ ಅಧ್ಯಾಯದ ಕೋಟು

ಎಲ್ಲಕ್ಕೂ ಮೂಲ ಬೆಳಿಗ್ಗೆ ಬಂದ ವಿಶ್ವವಿದ್ಯಾಲಯದ ಗುಮಾಸ್ತರ ಫೋನು. "ಸಾರ್, ಇವತ್ತಿನ ಮೌಖಿಕ ಪರೀಕ್ಷೆಗೆ ಕೋಟು, ಟೈ ಕಡ್ಡಾಯ. ಇಲ್ಲಾಂದ್ರೆ ಒಳಗೆ ಬಿಡಲ್ಲ."

"ಆ ನಿಯಮ ಮಾಡಿದ ಬಿಳಿ ದೊರೆಗಳು ದೇಶ ಬಿಟ್ಟು ಎಷ್ಟು ವರ್ಷ ಆಯ್ತು ಗೊತ್ತೇನ್ರೀ?"

"ಅವ್ರು ಹೋದ್ರು ಸಾರ್, ಸುತ್ತೋಲೆ ಹೋಗಿಲ್ಲ."

ದೊರೆಗಳು ಬಿಟ್ಟುಹೋದ ಗತ್ತು, ಬಣ್ಣದ ಹುಚ್ಚು ನಮ್ಮಲ್ಲಿ ಹೇಗೆ ಬೇರುಬಿಟ್ಟಿವೆ ಎಂದು ಏಳು ವರ್ಷ ತಲೆ ಕೆರೆದು ಪ್ರಬಂಧ ಬರೆದ ನಮ್ಮ ಸಂಶೋಧಕರಿಗೆ, ಪದವಿ ಬರುವ ಮೊದಲೇ ಬೀದಿಯವರು 'ಡಾಕ್ಟರು' ಎಂದು ಹೆಸರಿಟ್ಟಿದ್ದರು. ಇವತ್ತು ಪದವಿ ಸಿಕ್ಕರೆ ಕಾಲೇಜಿನ ಕೆಲಸ ಕಾಯಂ. ಇಲ್ಲದಿದ್ದರೆ ಬರುವ ತಿಂಗಳಿಂದ ಮನೆಯೇ ಗತಿ. ಆದರೂ ಡಾಕ್ಟರಿಗೆ ಲವಲೇಶವೂ ಅಳುಕಿರಲಿಲ್ಲ. "ನನ್ನ ವಾದ ಕೇಳಿ ಒಪ್ಪದೇ ಇರೋರು ಇನ್ನೂ ಹುಟ್ಟಿಲ್ಲ ಕಣೇ," ಎಂದು ಹೆಂಡತಿಗೆ ಹೇಳಿದರು.

"ಅದೆಲ್ಲ ಸರಿ, ಮೊದ್ಲು ಕೋಟು ಹುಡುಕಿ," ಎಂದಳು ಆಕೆ.

ಪಕ್ಕದ ಮನೆಯ ನಿವೃತ್ತ ಸ್ಟೇಷನ್ ಮಾಸ್ತರರು ತಮ್ಮ ಮದುವೆಯ ಕೋಟು ತಂದರು. ಮದುವೆಯ ಕಾಲಕ್ಕೆ ಅವರು ಕಡ್ಡಿ ಪೈಲ್ವಾನರು. ಅವರೂ ಹೆಂಡತಿಯೂ ಸೇರಿ, ದಿಂಬಿಗೆ ಹತ್ತಿ ತುಂಬುವಂತೆ ಡಾಕ್ಟರನ್ನು ಅದರೊಳಗೆ ತುರುಕಿದರು. ಅಷ್ಟರಲ್ಲಿ ಅತ್ತೆ ಪೌಡರ್ ಡಬ್ಬಿ ಹಿಡಿದು ಬಂದರು. "ದೊಡ್ಡವರ ಮುಂದೆ ಹೋಗೋವಾಗ ಸ್ವಲ್ಪ ಬೆಳ್ಳಗೆ ಕಾಣ್ಬೇಕು, ಅಳಿಯಂದ್ರೇ."

ಪೌಡರಿನ ಮೇಲೆಯೇ ನಲವತ್ತು ಪುಟ ಬರೆದಿದ್ದ ಡಾಕ್ಟರು ಬೇಡವೆನ್ನಲು ಕೈ ಎತ್ತಿದರು. ಕಂಕುಳಲ್ಲಿ ಹೊಲಿಗೆ ಬಿಚ್ಚಿತು. ಕೈ ಇಳಿಸಿದರು. ಪೌಡರು ಬಿತ್ತು.

ವಿಶ್ವವಿದ್ಯಾಲಯದ ಮೆಟ್ಟಿಲ ಮೇಲೆ ಸಹೋದ್ಯೋಗಿಯೊಬ್ಬರು ತಮ್ಮ ಟೈ ಬಿಚ್ಚಿ ಇವರ ಕುತ್ತಿಗೆಗೆ ಬಿಗಿದರು. ಉಸಿರು ಅರ್ಧವಾಯಿತು, ಧೈರ್ಯ ಪೂರ್ತಿಯಾಗಿಯೇ ಇತ್ತು.

ಒಳಗೆ ಪರೀಕ್ಷಕರು ಅರ್ಧತೋಳಿನ ಅಂಗಿ, ಚಪ್ಪಲಿಯಲ್ಲಿ ಹಾಯಾಗಿ ಕೂತಿದ್ದರು.

"ಬನ್ನಿ, ಬನ್ನಿ. ಮೂವತ್ತು ವರ್ಷ ನಾನೂ ಕೋಟು ಹಾಕ್ದೋನೇ. ನಿಮ್ಮ ನಾಲ್ಕನೇ ಅಧ್ಯಾಯ ಓದಿದ ದಿನ ಬಿಟ್ಟೆ. ಎಂಥ ವಾದ ರೀ!"

ಡಾಕ್ಟರ ಎದೆ ಉಬ್ಬಿತು. ಎರಡು ಗುಂಡಿ ಹಾರಿದವು.

"ಐದನೇ ಅಧ್ಯಾಯ ಇನ್ನೂ ಚೆನ್ನಾಗಿದೆ. ಪದವಿ ಅನ್ನೋದೇ ಯಾರು ಮೇಲು ಯಾರು ಕೀಳು ಅಂತ ತೂಗೋಕೆ ದೊರೆಗಳು ಬಿಟ್ಟುಹೋದ ತಕ್ಕಡಿ ಅಂತೀರಿ. ಇದನ್ನ ಮೊದಲು ಮುರಿಯೋರು ಯಾರು ಅಂತ ಕೇಳ್ತೀರಿ."

"ಹೌದು ಸಾರ್!"

"ನಾನು," ಎಂದು ಪರೀಕ್ಷಕರು ಪೆನ್ನಿಗೆ ಮುಚ್ಚಳ ಹಾಕಿದರು. "ಇನ್ಮೇಲೆ ಯಾರ ಪದವಿಗೂ ಸಹಿ ಹಾಕಲ್ಲ. ನಿಮ್ಮಿಂದಲೇ ಶುರು."

"ಸಾರ್, ಅದೇನೋ ಬರೆಯೋವಾಗಿನ ಆವೇಶ..." ಎಂದು ಆರಂಭಿಸಿದ ಡಾಕ್ಟರು, ದೊರೆಗಳ ಪದವಿ, ದೊರೆಗಳ ಪರೀಕ್ಷೆ, ದೊರೆಗಳ ಶಿಸ್ತು ಇಲ್ಲದಿದ್ದರೆ ನಮ್ಮ ಗತಿ ಏನಾಗುತ್ತಿತ್ತು ಎಂದು ಒಂದು ಗಂಟೆ ಬೆವರು ಸುರಿಸಿ ವಾದಿಸಿದರು.

ಪರೀಕ್ಷಕರ ಕಣ್ಣು ತೇವವಾಯಿತು. ಎದ್ದು ಬಂದು ಡಾಕ್ಟರ ಎರಡೂ ಕೈ ಹಿಡಿದುಕೊಂಡರು.

"ಅಯ್ಯೋ, ದೊರೆಗಳು ನಿಮ್ಮೊಳಗೂ ಇಷ್ಟು ಆಳಕ್ಕೆ ಇಳಿದುಬಿಟ್ಟಿದ್ದಾರಲ್ರೀ! ನಿಮ್ಮ ಪ್ರಬಂಧ ನೂರಕ್ಕೆ ನೂರು ನಿಜ. ಇನ್ನು ಸಹಿ ಹೇಗ್ರೀ ಹಾಕ್ಲಿ?"