ನನಗೆ ಬೆರಳಚ್ಚೇ ಇಲ್ಲವಂತೆ!

ಪಿಸ್ತೂಲು ಹಿಡಿಯಲು ಕಲಿಯುತ್ತೇನೆ ಎಂದಾಗ ನಮ್ಮವರು ನಗಲಿಲ್ಲ. ನಕ್ಕಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ಎದ್ದು ಹೋಗಿ ಮೆಲ್ಲಗೆ ಕಿಟಕಿ ಮುಚ್ಚಿ ಬಂದರು, ಪಕ್ಕದವರಿಗೆ ಕೇಳಿಸೀತೆಂದು.

“ನಳಿನಿ, ಜೇಡ ಕಂಡ್ರೆ ಸೋಫಾ ಹತ್ತೋಳು ನೀನು.”

“ಅದಕ್ಕೇ ರೀ, ಕ್ಲಾಸಿಗೆ ಸೇರ್ತಿರೋದು.”

“ಜೇಡಕ್ಕೆ ಪಿಸ್ತೂಲಾ?”

ಜೇಡಕ್ಕಲ್ಲ. ಮಾರ್ಚ್ ತಿಂಗಳಲ್ಲಿ ನಮ್ಮ ಸಾಲಿನಲ್ಲೇ, ಮೂರು ಮನೆಯಾಚೆ, ಹಾಡಹಗಲೇ ಯಾರೋ ಹಿಂಬಾಗಿಲು ಒಡೆದು ನುಗ್ಗಿದ್ದರು. ನಮ್ಮವರು, ಅಂದರೆ ಶ್ರೀಮಾನ್ ಬಾಲಸುಬ್ರಹ್ಮಣ್ಯ, ಔಷಧ ಕಂಪನಿಯೊಂದರ ವಿಜ್ಞಾನಿ. ತಿಂಗಳಿಗೊಂದು ವಾರ ಅಟ್ಲಾಂಟಾದ ಲ್ಯಾಬಿಗೆ ಹಾರುತ್ತಾರೆ. ಮಗಳು ಅಕ್ಷಯಾ ಶಾರ್ಲೆಟ್‌ನಲ್ಲಿ ಓದುತ್ತಿದ್ದಾಳೆ. ಆ ಒಂದು ವಾರ ಜರ್ಮನ್‌ಟೌನಿನ ಮೂರಂತಸ್ತಿನ ಮನೆಗೆ ನಾನೊಬ್ಬಳೇ ಮಹಾರಾಣಿ. ಮೆಟ್ಟಿಲು ಕಿರ್ರೆಂದರೆ ಮಹಾರಾಣಿಯ ತುಟಿ ಒಣಗುತ್ತದೆ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಅಂದು ಹೇಳಿದೆ. ನಮ್ಮವರು ಎದ್ದು ಹೋಗಿ, ಮುಚ್ಚಿದ ಕಿಟಕಿಯನ್ನು ತಾವೇ ತೆರೆದರು.

“ಸರಿ. ಏನೇನು ಬೇಕೋ ಲಿಸ್ಟ್ ಮಾಡು.”

ಲಿಸ್ಟನ್ನು ಕ್ಲಾಸಿನವರೇ ಕಳಿಸಿದರು. ಮುಚ್ಚಿದ ಬೂಟು, ಮುಂದೆ ಚಾಚಿದ ಟೋಪಿ, ಕುತ್ತಿಗೆ ಮುಚ್ಚುವ ಅಂಗಿ (ಗುಂಡು ಹಾರಿದಾಗ ಅದರ ಬಿಸಿ ಖಾಲಿ ಕವಚ ಸಿಡಿದು ಒಳಗೆ ಬಿದ್ದರೆ ಅಲ್ಲೇ ಭರತನಾಟ್ಯ ಆಗಿಬಿಡುತ್ತದಂತೆ). ಜೂನ್ ತಿಂಗಳ ಸೆಕೆಯಲ್ಲಿ ಚಳಿಗಾಲದ ಉಣ್ಣೆ ಅಂಗಿ ತೊಟ್ಟು, ನೀತಿನಿಯಮಗಳನ್ನು ಮಗ್ಗಿಯ ಹಾಗೆ ಉರು ಹೊಡೆದೆ. ಎಲ್ಲ ಪಿಸ್ತೂಲಿನಲ್ಲೂ ಗುಂಡಿದೆ ಎಂದೇ ತಿಳಿಯಬೇಕು. ಗುರಿ ನಿಶ್ಚಯವಾಗುವ ತನಕ ಬೆರಳು ಟ್ರಿಗರ್ ಮುಟ್ಟಬಾರದು.

ಇದರ ಅಭ್ಯಾಸಕ್ಕೆ ಕಿಟಕಿ ಒರೆಸುವ ಸ್ಪ್ರೇ ಬಾಟಲಿಯೇ ನನ್ನ ಆಯುಧ. ಬೆರಳನ್ನು ನೆಟ್ಟಗೆ ಪಕ್ಕಕ್ಕೆ ಚಾಚಿ ಹಿಡಿದು, ಮನೆಯೆಲ್ಲ ಗಸ್ತು ತಿರುಗುತ್ತಿದ್ದೆ. ಹಿಂದಿನಿಂದ ಸದ್ದಾಯಿತು. ಗರ್ರನೆ ತಿರುಗಿದೆ. ಚಿರ್ರ್!

“ಫೇಲ್!” ನಮ್ಮವರು ನೀಲಿ ನೀರು ಸೋರುವ ಕನ್ನಡಕದೊಳಗಿಂದ ಕೂಗಿದರು. “ಬೆರಳು ಟ್ರಿಗರ್ ಮೇಲಿತ್ತು ಕಣೇ!”

“ಕನ್ನಡಕ ಕ್ಲೀನ್ ಆಯ್ತಲ್ಲ, ಬಿಡಿ.”

ಇಷ್ಟೆಲ್ಲ ಸಿದ್ಧತೆಯಾದ ಮೇಲೆ ಉಳಿದದ್ದು ಒಂದು ಜುಜುಬಿ ಕೆಲಸ: ಲೈಸೆನ್ಸಿಗೆ ಬೆರಳಚ್ಚು ಕೊಡುವುದು. ಗೈದರ್ಸ್‌ಬರ್ಗಿನ ಬೆರಳಚ್ಚು ತೆಗೆಯುವ ಒಂದು ಪುಟ್ಟ ಅಂಗಡಿಗೆ ಹೋದೆವು. ಅಲ್ಲಿದ್ದ ಹುಡುಗಿ ನನ್ನ ಬೆರಳುಗಳನ್ನು ಒಂದೊಂದಾಗಿ ಗಾಜಿನ ಮೇಲೆ ಒತ್ತಿದಳು. ಮೆಷಿನ್ನಿನ ದೀಪ ಕೆಂಪಾಯಿತು. ಗಾಜು ಒರೆಸಿದಳು, ನನ್ನ ಕೈ ಒರೆಸಿದಳು, ಮತ್ತೆ ಒತ್ತಿದಳು. ಮತ್ತೂ ಕೆಂಪು. ಕೊನೆಗೆ ನನ್ನ ಬೆರಳ ತುದಿಗಳನ್ನು ದೀಪಕ್ಕೆ ಹಿಡಿದು ನೋಡಿ, “ಮ್ಯಾಮ್, ನೀವು ಗಾರೆ ಕೆಲಸ ಮಾಡ್ತೀರಾ? ಇಟ್ಟಿಗೆ, ಸಿಮೆಂಟ್?” ಎಂದು ಇಂಗ್ಲಿಷಿನಲ್ಲಿ ವಿಚಾರಿಸಿದಳು.

“ಇಲ್ಲಮ್ಮ, ಹೌಸ್‌ವೈಫು.”

ಬೆರಳಿನ ಗೆರೆಗಳೆಲ್ಲ ಸವೆದುಹೋಗಿವೆಯಂತೆ. ಇಪ್ಪತ್ತಾರು ವರ್ಷ ಸೋಪು, ಪಾತ್ರೆ ಉಜ್ಜುವ ಸ್ಟೀಲ್ ನಾರು, ಹುಣಸೆಹುಳಿ, ತಳ ಹಿಡಿದ ಹಾಲಿನ ಪಾತ್ರೆ! ಸರ್ಕಾರದ ಕಣ್ಣಿಗೆ ನಾನೀಗ ಗುರುತೇ ಇಲ್ಲದ ಹೆಂಗಸು.

“ಮನೆಯಲ್ಲಿ ಡಿಶ್‌ವಾಷರ್ ಇಲ್ವಾ?” ಹುಡುಗಿಗೆ ಕನಿಕರ.

“ಇದೆ,” ನಮ್ಮವರು ನಡುವೆ ಬಾಯಿ ಹಾಕಿದರು. “ಅದ್ರಲ್ಲಿ ಮೊಸರಿನ ಖಾಲಿ ಡಬ್ಬ ಜೋಡಿಸಿಟ್ಟಿದಾಳೆ.”

ಎರಡು ವಾರ ಸೋಪು ಮುಟ್ಟಬಾರದು, ದಿನಕ್ಕೆ ನಾಲ್ಕು ಸಲ ಕ್ರೀಮು ಹಚ್ಚಬೇಕು, ಆಮೇಲೆ ಬನ್ನಿ ಎಂದಳು. ಕಾರಿನಲ್ಲಿ ನನಗೆ ಅಳುವೇ ಬಂತು. ಕ್ಲಾಸಿಗೆ ಇನ್ನಿದ್ದದ್ದು ಮೂರೇ ವಾರ.

“ಅಳ್ಬೇಡ್ವೇ,” ಎಂದರು ನಮ್ಮವರು. “ಎರಡು ವಾರ ಅಡುಗೆಮನೆ ನನಗೆ ಬಿಡು.”

“ನಿಮಗೆ ಕಾಫಿ ಲೋಟ ತೊಳೆಯೋಕೂ ಬರಲ್ಲ!”

“ಅದಕ್ಕೇ, ಕಲಿತೀನಿ.”

ಡಿಶ್‌ವಾಷರಿಗೆ ತಪ್ಪು ಸೋಪು ಹಾಕುತ್ತಾರೆ, ನೊರೆ ಉಕ್ಕಿ ಹಾಲ್ ತುಂಬುತ್ತದೆ ಎಂದು ನಾನು ಆಸೆಯಿಂದ ಕಾದೆ. ಅವರು ಮ್ಯಾನುಯಲ್ ಓದಿದ್ದರು. ಅಕ್ಷಯಾಗೆ ವಿಡಿಯೋ ಕಾಲ್ ಮಾಡಿದೆ.

“ಅಮ್ಮಾ, ಅಪ್ಪ ಇಸ್ ಕುಕಿಂಗ್? ನೀನು ಏನ್ ಮಾಡ್ತಾ ಇದೀಯ?”

“ಕೈಗೆ ಕ್ರೀಮ್ ಹಚ್ಚಿದೀನಿ. ಏನೂ ಮುಟ್ಟೋ ಹಾಗಿಲ್ಲ.”

“ಲಕ್ಕಿ!”

ಮದರಂಗಿ ಹಾಕಿಸಿಕೊಂಡ ಮದುಮಗಳಂತೆ ಹತ್ತು ಬೆರಳನ್ನೂ ಅಗಲಿಸಿಕೊಂಡು ಕೂತಿದ್ದೆ. ಮೊದಲ ದಿನದ ಸಾರು ಕುಡಿದು ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಐದನೆಯ ದಿನದ ಸಾರು ಕೇಳಿ ಬಡಿಸಿಕೊಂಡೆ. ಹತ್ತನೆಯ ದಿನ ಬಿಸಿಬೇಳೆಭಾತಿನ ಪರಿಮಳ ಬಂದಾಗ ನನ್ನ ಎದೆಯಲ್ಲಿ ಏನೋ ಚುಚ್ಚಿತು. ಹಸಿವು ಎಂದುಕೊಂಡೆ.

ಹದಿನೈದನೆಯ ದಿನ ಅದೇ ಗಾಜಿನ ಮೇಲೆ ಹತ್ತು ಬೆರಳಿಗೂ ಹಸಿರು ದೀಪ! ಹುಡುಗಿ ಚಪ್ಪಾಳೆ ತಟ್ಟಿದಳು. ಮನೆಗೆ ಬಂದರೆ ನಮ್ಮವರದು ಹೊಸ ವಾದ. “ಕ್ಲಾಸ್ ಮುಗಿಯೋ ತನಕ ರಿಸ್ಕ್ ಬೇಡ. ಇನ್ನೊಂದು ವಾರ ರೆಸ್ಟ್ ತಗೋ.” ಇಂಥ ಗಂಡ ಯಾರಿಗಿದ್ದಾನೆ! ತಗೊಂಡೆ.

ಶನಿವಾರ ಕ್ಲಾಸು. ಪಾಠ ಹೇಳಿದವರು ಡೋರೀನ್ ಎಂಬ ನಿವೃತ್ತ ಪೊಲೀಸ್ ಹೆಂಗಸು. ಹನ್ನೊಂದು ಜನರಲ್ಲಿ ಏಳು ಜನ ನನ್ನ ಹಾಗೇ ಪಿಸ್ತೂಲನ್ನು ಜೀವಮಾನದಲ್ಲಿ ಮುಟ್ಟದವರು. ನಾಲ್ಕು ಗಂಟೆಯ ಪಾಠದ ಕೊನೆಗೆ ಒಂದೇ ಒಂದು ಗುಂಡು ಹಾರಿಸಬೇಕಿತ್ತು. ನನ್ನ ಸರದಿ ಬಂತು. ಈ ಸಲ ಬೆರಳನ್ನು ನೆಟ್ಟಗೆ ಪಕ್ಕಕ್ಕೇ ಚಾಚಿ ಹಿಡಿದೆ. “ಉಸಿರು ಬಿಡಿ, ಅವಸರ ಬೇಡ,” ಎಂದರು ಡೋರೀನ್. ಢಂ! ಕಾಗದದ ಮೇಲಿನ ಮನುಷ್ಯನ ಬಲಗಿವಿಯ ಪಕ್ಕದ ಖಾಲಿ ಜಾಗಕ್ಕೆ ಒಂದು ತೂತು. “ಹೆದರಿಸೋದಕ್ಕೆ ಅಷ್ಟು ಸಾಕು,” ಎಂದು ಅವರು ಬೆನ್ನು ತಟ್ಟಿದಾಗ ನಾನು ನಿಂತಲ್ಲೇ ಒಂದಂಗುಲ ಬೆಳೆದೆ. ಪಿಸ್ತೂಲು ಕೊಳ್ಳುತ್ತೇನೋ ಬಿಡುತ್ತೇನೋ ಇನ್ನೂ ಗೊತ್ತಿಲ್ಲ. ಆದರೆ ಅಂದು ಮನೆಗೆ ಬಂದಾಗ ಮೆಟ್ಟಿಲು ಕಿರ್ರೆಂದಿತು, ನಾನು ತಿರುಗಿಯೂ ನೋಡಲಿಲ್ಲ.

ಈ ಸಂಭ್ರಮಕ್ಕೆ ನನ್ನ ಕೈಯಾರೆ ಒಂದು ಕಾಫಿ ಆಗಲೇಬೇಕೆಂದು ಅಡುಗೆಮನೆಗೆ ನುಗ್ಗಿದೆ. ಕಾಫಿಪುಡಿ ಇದ್ದ ಜಾಗದಲ್ಲಿ ಉದ್ದಿನಬೇಳೆ. ಉದ್ದಿನಬೇಳೆ ಇದ್ದಲ್ಲಿ ಅವಲಕ್ಕಿ. ಪ್ರತಿ ಡಬ್ಬಿಗೂ ಲ್ಯಾಬಿನ ಬಿಳಿ ಚೀಟಿ, ತಾರೀಖು ಸಮೇತ. ಎಲ್ಲವೂ ಅ, ಆ, ಇ, ಈ ಕ್ರಮದಲ್ಲಿ!

“ರೀ, ಕಾಫಿಪುಡಿ ಎಲ್ಲಿ? ‘ಕ’ದಲ್ಲಿ ಇಲ್ಲ!”

“‘ಪ’ದಲ್ಲಿ ನೋಡು. ಪಾನೀಯಗಳು.”

“ಫಿಲ್ಟರ್?”

“ಅದು ಉಪಕರಣ. ‘ಉ’.”

ನಾನು ‘ಉ’ ಹುಡುಕುತ್ತಾ ಉಪ್ಪು, ಉದ್ದು, ಉಪ್ಪಿನಕಾಯಿಗಳನ್ನು ದಾಟುತ್ತಿರುವಾಗ ನಮ್ಮವರು ಬಂದು ಮೃದುವಾಗಿ ನನ್ನ ಕೈಯಿಂದ ಚಮಚ ತೆಗೆದುಕೊಂಡರು.

“ನೀನು ಹೋಗಿ ಕೂತ್ಕೋ, ನಾನು ಮಾಡ್ತೀನಿ. ಟ್ರೇನಿಂಗ್ ಇಲ್ದೆ ಇಲ್ಲಿ ಏನೂ ಮುಟ್ಟಬೇಡ. ಮುಂದಿನ ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಹೇಳಿಕೊಡ್ತೀನಿ.”

ಇಪ್ಪತ್ತಾರು ವರ್ಷ ಆಳಿದ ಅಡುಗೆಮನೆಯ ಬಾಗಿಲಲ್ಲಿ ಬಾಯಿ ಕಳೆದುಕೊಂಡು ನಿಂತೆ. ಬೈಯಲು ಮಾತು ಜೋಡಿಸಿಕೊಳ್ಳುವಷ್ಟರಲ್ಲಿ ಕಾಫಿ ಕೈಗೆ ಬಂತು. ಒಂದು ಗುಟುಕು ಕುಡಿದೆ. ದರಿದ್ರದ್ದು, ನನ್ನ ಕಾಫಿಗಿಂತ ಚೆನ್ನಾಗಿತ್ತು.

“ಎಷ್ಟು ಗಂಟೆಗೆ ಅಂದ್ರಿ?” ಎಂದು ಕೇಳಿದೆ.